ಹದಿನೇಳನೇ ನಂಬರಿನವರ ಶೇರು

ಫ್ಯಾಕ್ಟರಿಯವರು ವರ್ಷಕ್ಕೊಮ್ಮೆ ಹೊರಡಿಸುವ ಪುಸ್ತಕದಲ್ಲಿ ಈ ಸಲ ನಮ್ಮವರ ಫೋಟೋ ಬಂದಿದೆ. ಒಂದೇ ಕಂಪನಿಯ ಶೇರನ್ನು ಮೂವತ್ತೊಂಬತ್ತು ವರ್ಷ ಇಟ್ಟುಕೊಂಡು ಒಂದನ್ನೂ ಮಾರದ ಕಾರ್ಮಿಕ, ತಾಳ್ಮೆಗೆ ಮಾದರಿ ಎಂದು ಕೆಳಗೆ ಹಾಕಿದ್ದಾರೆ. ಫೋಟೋ ಚೆನ್ನಾಗಿದೆ. ಬರೆದದ್ದು ಸರಿಯಿಲ್ಲ. ಅವರಿಗೆ ತಾಳ್ಮೆ ಇರಲಿಲ್ಲ. ಊಟ ಬಿಸಿಯಿದ್ದರೆ ಆರುವ ತನಕ ಕಾಯುತ್ತಿರಲಿಲ್ಲ, ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದರು. ಬಸ್ಸು ಐದು ನಿಮಿಷ ತಡವಾದರೆ ನಡೆದೇ ಹೊರಡುತ್ತಿದ್ದರು, ಅರ್ಧ ದಾರಿಯಲ್ಲಿ ಬಸ್ಸು ಅವರನ್ನು ದಾಟಿ ಹೋಗುತ್ತಿತ್ತು. ಅವರು ಹೋಗಿ ಹದಿನಾಲ್ಕು ತಿಂಗಳಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದು ಹಿತ್ತಾಳೆಯ ನಲ್ಲಿ ಮಾಡುವ ಫ್ಯಾಕ್ಟರಿ. ಎರಕ ಹೊಯ್ದು, ಕಡೆದು, ಹೊಳಪು ಕೊಟ್ಟ ನಲ್ಲಿ ಕೊನೆಗೆ ಪರೀಕ್ಷೆಗೆ ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ನೀರಿನ ತೊಟ್ಟಿ. ನಲ್ಲಿಯ ಬಾಯಿ ಮುಚ್ಚಿ, ಹಿಂದಿನಿಂದ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸುತ್ತಾರೆ. ಸೋರುವ ನಲ್ಲಿಯಾದರೆ ಗುಳ್ಳೆ ಏಳುತ್ತದೆ. ಎದ್ದರೆ ಅದು ಕೆಂಪು ಡಬ್ಬಕ್ಕೆ, ಇಲ್ಲದಿದ್ದರೆ ಚೀಟಿ ಕಟ್ಟಿಸಿಕೊಂಡು ಪ್ಯಾಕಿಂಗಿಗೆ. ಮೂವತ್ತಾರು ವರ್ಷ ಅವರು ಮಾಡಿದ ಕೆಲಸ ಇಷ್ಟೇ, ಗುಳ್ಳೆ ನೋಡುವುದು. ಹಾಗಾಗಿ ಫ್ಯಾಕ್ಟರಿಯಲ್ಲಿ ಅವರ ಹೆಸರೇ ಗುಳ್ಳೆ ಎಂದಾಯಿತು. ಬೆರಳ ತುದಿ ಯಾವಾಗಲೂ ಸುಕ್ಕುಗಟ್ಟಿರುತ್ತಿತ್ತು. ಭಾನುವಾರ ಸಂಜೆಯ ಹೊತ್ತಿಗೆ ಸ್ವಲ್ಪ ಒಣಗುತ್ತಿತ್ತು, ಸೋಮವಾರ ಮತ್ತೆ ಅದೇ ಪಾಡು.

ಪರೀಕ್ಷೆ ಮಾಡುವ ಒಬ್ಬೊಬ್ಬರಿಗೂ ಒಂದು ನಂಬರು. ಅವರದು ಹದಿನೇಳು. ಚೀಟಿಯ ಮೇಲೆ ಹದಿನೇಳು ಬರೆದು ಸುತ್ತ ಒಂದು ಸೊನ್ನೆ ಎಳೆದರೆ ಆ ನಲ್ಲಿಗೆ ಅವರೇ ಜವಾಬ್ದಾರರು. ದಿನಕ್ಕೆ ಆರುನೂರು ಸಲ ಎಳೆಯುತ್ತಿದ್ದರು. ಕೈಗೆ ಅದೇ ಚಾಳಿಯಾಗಿತ್ತು. ಒಮ್ಮೆ ಮಗಳ ಅಂಕಪಟ್ಟಿಗೆ ಸಹಿ ಮಾಡುವ ಜಾಗದಲ್ಲಿ ಅದನ್ನೇ ಎಳೆದು ಕಳಿಸಿದರು. ಟೀಚರು ನನ್ನನ್ನು ಕರೆಸಿದರು.

"ಗಣಿತಕ್ಕೆ ನಾನು ಐವತ್ತೆರಡು ಕೊಟ್ಟಿದೀನಿ. ಕೆಳಗೆ ಹದಿನೇಳು ಹಾಕಿದ್ಯಾರು?"

"ಅವಳಪ್ಪ" ಅಂದೆ.

"ಮಗಳ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅವರಿಗೆ?"

ಮನೆಗೆ ಬಂದು ಹೇಳಿದರೆ ಅವರಿಗೆ ನಗು ಬರಲಿಲ್ಲ. "ಪಾಸ್ ಅಂತ ಹಾಕಿದ್ದು" ಅಂದರು.

ಮಗಳಿಗೆ ಒಂದು ವರ್ಷ ತುಂಬಿದಾಗ ಕಂಪನಿಯ ಕೈ ಬರಿದಾಗಿತ್ತು. ಬೋನಸ್ ಕೊಡುವ ಬದಲು ತಲೆಗೆ ನೂರು ಶೇರು ಕೊಟ್ಟರು. ಗುಮಾಸ್ತರು ಫಾರಂ ಹಿಡಿದುಕೊಂಡು ಕೆಲಸದ ಜಾಗಕ್ಕೇ ಬಂದರು. ಇವರು ತೊಟ್ಟಿಯಿಂದ ಕೈ ತೆಗೆದು, ಸಹಿಯ ಜಾಗದಲ್ಲಿ ಹದಿನೇಳು ಬರೆದು ಸೊನ್ನೆ ಎಳೆದು, ಮತ್ತೆ ಕೈ ಮುಳುಗಿಸಿದರು. ಗುಮಾಸ್ತರಿಗೂ ಅದು ತಪ್ಪು ಎನ್ನಿಸಲಿಲ್ಲ. ಹದಿನೇಳು ಎಂದರೆ ಯಾರು ಎಂದು ಫ್ಯಾಕ್ಟರಿಗೆಲ್ಲ ಗೊತ್ತಿತ್ತು.

ಶೇರಿನ ಕಾಗದ ಕೈಗೆ ಬಂದ ದಿನ ಕ್ಯಾಂಟೀನಿನ ಗುತ್ತಿಗೆದಾರ ನೋಟಿನ ಕಟ್ಟು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದ. ನೂರು ಶೇರಿಗೆ ಒಂದು ಹೊಸ ಸೈಕಲ್ಲಿನ ಬೆಲೆ ಕೊಡುತ್ತಿದ್ದ. ಹೆಚ್ಚುಕಮ್ಮಿ ಎಲ್ಲರೂ ಕೊಟ್ಟರು. ನನ್ನ ಮೈದುನ ಅದೇ ಫ್ಯಾಕ್ಟರಿಯಲ್ಲಿ ಹೊಳಪು ಕೊಡುವ ಕೆಲಸದಲ್ಲಿದ್ದ. ಅವನೂ ಕೊಟ್ಟ. ಸಂಜೆಗೆ ಗಂಟೆ, ಕ್ಯಾರಿಯರ್ ಎರಡೂ ಇರುವ ಸೈಕಲ್ ತಂದು ನಮ್ಮ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, "ಅಣ್ಣಾ, ನಿನ್ನ ಕಾಗದ ತುಳಿದ್ರೆ ಓಡುತ್ತಾ?" ಅಂದ.

ಇವರೂ ಮಾರಲೆಂದೇ ಸಾಲಿನಲ್ಲಿ ನಿಂತಿದ್ದರು. ಸರದಿ ಬಂದಾಗ ಗುತ್ತಿಗೆದಾರ ಒಂದು ಮಾತು ಹೆಚ್ಚಿಗೆ ಆಡಿದ. "ಕೊಡಪ್ಪಾ ಗುಳ್ಳೆ, ಮುಳುಗೋ ಕಂಪನಿ ಕಾಗದ ಇಟ್ಕೊಂಡು ಏನ್ಮಾಡ್ತೀಯ. ನಿಮ್ಮ ನಲ್ಲಿ ನಮ್ಮ ಕ್ಯಾಂಟೀನಲ್ಲೇ ಸೋರ್ತಾ ಇದೆ."

"ಯಾವ ನಲ್ಲಿ?" ಎಂದು ಕೇಳಿ ಇವರು ಸಾಲು ಬಿಟ್ಟು ಕ್ಯಾಂಟೀನಿಗೆ ಹೋದರು. ಬಗ್ಗಿ ನೋಡಿದರೆ ಅದು ಬೇರೆ ಕಂಪನಿಯ ನಲ್ಲಿ. ವಾಪಸ್ ಬಂದು, "ಅದು ನಮ್ಮದಲ್ಲ" ಎಂದು ಹೇಳಿ, ಕಾಗದ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಬಂದುಬಿಟ್ಟರು. ಅವರು ಶೇರು ಇಟ್ಟುಕೊಂಡದ್ದು ಹೀಗೆ. ಸಿಟ್ಟಿನಲ್ಲಿ.

ಆಮೇಲೆ ಒಂದು ಕಾಲದಲ್ಲಿ ಎಂಟು ತಿಂಗಳು ಫ್ಯಾಕ್ಟರಿಗೆ ಬೀಗ ಬಿತ್ತು. ಆಗ ಆ ಕಾಗದವನ್ನು ಸಾಮಾನು ಕಟ್ಟಲು ಕೂಡ ಯಾರೂ ಕೇಳುತ್ತಿರಲಿಲ್ಲ. ಇವರು ಗೋದಾಮಿನಲ್ಲಿ ಮೂಟೆ ಹೊತ್ತರು. ನಾನು ಬಟ್ಟೆ ಹೊಲಿದೆ. ಬೀಗ ತೆಗೆದ ಮೇಲೆ ಕಂಪನಿ ಚೇತರಿಸಿಕೊಂಡಿತು. ಊರೂರಲ್ಲಿ ಮನೆಗಳು ಎದ್ದವು, ಮನೆಮನೆಗೂ ನಲ್ಲಿ ಬೇಕಾಯಿತು. ಒಂದಕ್ಕೆ ಒಂದು ಎಂದು ಬೋನಸ್ ಶೇರು ಕೊಟ್ಟರು, ನೂರು ಇನ್ನೂರಾಯಿತು. ಎಷ್ಟೋ ವರ್ಷದ ಮೇಲೆ ಒಂದೊಂದು ಶೇರನ್ನು ಐದೈದು ಮಾಡಿದರು, ಸಾವಿರವಾಯಿತು. ಮತ್ತೆ ಒಂದಕ್ಕೆ ಒಂದು ಕೊಟ್ಟರು, ಎರಡು ಸಾವಿರ. ಪ್ರತಿ ವರ್ಷ ಲಾಭದ ಪಾಲು ಎಂದು ಒಂದು ಚೆಕ್ಕು ಬರುತ್ತಿತ್ತು. ಮೊದಮೊದಲು ಅದರಲ್ಲಿ ಮಗಳಿಗೆ ಒಂದು ಜೊತೆ ಚಪ್ಪಲಿ ಬರುತ್ತಿತ್ತು. ಕೊನೆಕೊನೆಗೆ ನಮ್ಮ ಮೂರು ತಿಂಗಳ ಸಂಸಾರ ನಡೆಯುತ್ತಿತ್ತು. ಇದೆಲ್ಲ ಸುಳ್ಳಲ್ಲ. ಇಟ್ಟುಕೊಂಡವರಿಗೆ ಆ ಕಂಪನಿ ಮೋಸ ಮಾಡಲಿಲ್ಲ.

ಆದರೆ ಇನ್ನೂರು ಶೇರು ಇದ್ದ ಕಾಲದಲ್ಲಿ ಮಗಳಿಗೆ ಹದಿನೆಂಟು ತುಂಬಿತು. ನರ್ಸಿಂಗ್ ಓದಲು ಸೀಟು ಸಿಕ್ಕಿತು. ಫೀಸಿಗೆ ಅರ್ಧಕ್ಕಿಂತ ಹೆಚ್ಚು ಶೇರು ಮಾರಬೇಕಾಗಿತ್ತು.

"ಮಾರಿ ರೀ" ಅಂದೆ.

"ಒಂದು ವರ್ಷ ಕಾಯ್ಲಿ. ಡಬಲ್ ಡ್ಯೂಟಿ ಮಾಡಿ ಹೊಂದಿಸ್ತೀನಿ. ಈಗ ಮಾರಿದ್ರೆ ನಷ್ಟ, ಬೆಲೆ ಏರ್ತಾ ಇದೆ."

ಮಗಳು ತಲೆ ಬಾಚುತ್ತಾ ಕನ್ನಡಿಯಲ್ಲೇ ಅವರನ್ನು ನೋಡಿ ಕೇಳಿದಳು, "ಶೇರು ಕಾಯಲ್ವಾ ಅಪ್ಪಾ? ನಾನೇ ಕಾಯ್ಬೇಕಾ?"

ಅವರು ಹೇಳಿದ ಹಾಗೆ ವರ್ಷವಿಡೀ ಡಬಲ್ ಡ್ಯೂಟಿ ಮಾಡಿದರು. ಮುಂದಿನ ವರ್ಷ ಹಣ ತಂದು ಅವಳ ಮುಂದೆ ಇಟ್ಟರು. "ಬೇಡ" ಅಂದಳು. ಅಷ್ಟರಲ್ಲಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು. ಹಟದಲ್ಲಿ ಅವಳೂ ಅವರ ಮಗಳೇ. ಆವತ್ತು ಮಾರದೆ ಇದ್ದುದಕ್ಕೆ ಆ ಇನ್ನೂರು ಮುಂದೆ ಎರಡು ಸಾವಿರವಾಯಿತು. ಮಗಳು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳ ಕಾಲ ಬುಡದಲ್ಲಿ ಕೂತು ಅಳತೆ ನೋಡುತ್ತಿದ್ದಾಳೆ. ಹದಿನೆಂಟನೇ ವಯಸ್ಸಿಗೆ ಯಾರೂ ಬೋನಸ್ ಕೊಡುವುದಿಲ್ಲ.

ಅವರು ನಿವೃತ್ತರಾದ ಎರಡನೇ ವರ್ಷ ನನ್ನ ಬಲಗಾಲಿನ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಬೇಕು ಅಂದರು ಡಾಕ್ಟರು. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ನಾನು ಮತ್ತೆ ಅದೇ ಮಾತು ಎತ್ತಿದೆ. ನೋಡೋಣ ಅಂದರು. ಒಂದು ವಾರ ಬಿಟ್ಟು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗ್ಗೆಯೇ ಹೊರಟರು. ಸಂಜೆ ಬಂದು ಚಪ್ಪಲಿ ಬಿಡುತ್ತಲೇ, "ಶೇರು ಮಾರಲ್ಲ. ಆ ಮಾತು ಬಿಡು" ಅಂದರು.

"ಎಲ್ಲಿಗೆ ಹೋಗಿದ್ರಿ?"

"ಗೆಳೆಯನ ಮನೆಗೆ."

"ಗೆಳೆಯ ಹೇಳಿಕೊಟ್ನಾ, ಹೆಂಡತಿ ಕುಂಟಿದ್ರೂ ಪರವಾಗಿಲ್ಲ, ಶೇರು ಕುಂಟಬಾರದು ಅಂತ?"

ತಲೆ ತಗ್ಗಿಸಿ ಕೂತರು. ನಾನು ಇಪ್ಪತ್ತು ದಿನ ಮಾತು ಬಿಟ್ಟೆ. ಇಪ್ಪತ್ತೊಂದನೇ ದಿನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೋಗುವಾಗ ಆ ಕಾಗದವನ್ನೂ ಕಟ್ಟಿಕೊಂಡು ಹೋಗಿ ಎಂದೂ ಅಂದೆ. ಅಂದಿನಿಂದ ಹಾಲು, ತರಕಾರಿ, ಗ್ಯಾಸು ಎಲ್ಲವನ್ನೂ ಅವರೇ ಹೊತ್ತು ಮೇಲೆ ತಂದರು. ಆರು ವರ್ಷ ನನ್ನನ್ನು ಮೆಟ್ಟಿಲು ಇಳಿಯಲು ಬಿಡಲಿಲ್ಲ. ಜಿಪುಣನ ಮನಸ್ಸು ಚುಚ್ಚುತ್ತಿದೆ, ಚುಚ್ಚಲಿ ಎಂದುಕೊಂಡೆ.

ಒಂದು ಬೆಳಗ್ಗೆ ಚಹಾ ಕೇಳಿದರು. ತರುವಷ್ಟರಲ್ಲಿ ಹೋಗಿದ್ದರು. ಶೇರಿನ ಬಗ್ಗೆ ಏನೂ ಹೇಳಲಿಲ್ಲ. ಯಾವುದರ ಬಗ್ಗೆಯೂ ಹೇಳಲಿಲ್ಲ.

ಮೂರನೇ ತಿಂಗಳಿಗೆ ಮನೆ ಮಾಲೀಕರು ಬಂದು ಸಮಾಧಾನ ಹೇಳಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಕಟ್ಟಡ ಮಾರಿದ್ದೇವೆ, ಆರು ತಿಂಗಳಲ್ಲಿ ಖಾಲಿ ಮಾಡಬೇಕು ಅಂದರು. ಪಕ್ಕದ ಬೀದಿಯಲ್ಲಿ ನೆಲಮಟ್ಟದಲ್ಲೇ ಎರಡು ಕೋಣೆ, ಒಂದು ಅಡಿಗೆಮನೆ ಮಾರಾಟಕ್ಕಿತ್ತು. ಹಳೆಯದು. ಗೋಡೆಗೆ ಸುಣ್ಣ ಬೇಕು, ಆದರೆ ಮೆಟ್ಟಿಲಿಲ್ಲ. ಶೇರು ಮಾರಿದರೆ ಅದನ್ನು ಕೊಳ್ಳಬಹುದು, ಸ್ವಲ್ಪ ಮಿಗುತ್ತದೆ. ಮಾರದಿದ್ದರೆ ಬಾಡಿಗೆಗೆ ಮತ್ತೆ ಯಾರದೋ ಮೂರನೇ ಮಹಡಿ.

ಮೈದುನ ಬಂದು ಕೂತ.

"ಮಾರೋದು ಅಂದ್ರೇನು ಅತ್ತಿಗೆ? ಅಣ್ಣ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದು."

ಮಗಳು ಅಡಿಗೆಮನೆಯಿಂದಲೇ ಅಂದಳು, "ನಿಮ್ಮದನ್ನ ನೀವು ಒಂದು ದಿನ ಕಾಪಾಡ್ಲಿಲ್ಲವಲ್ಲ ಚಿಕ್ಕಪ್ಪ."

"ಅದಕ್ಕೇ ಕಣೆ ಹೇಳ್ತಿರೋದು. ಹೊಟ್ಟೆ ಉರಿ ಹೇಗಿರುತ್ತೆ ಅಂತ ನನಗೆ ಗೊತ್ತು. ಒಂದು ಮನೆ ಬರೋದನ್ನ ಸೈಕಲ್ ಮಾಡಿ ತುಳಿದೆ. ಇನ್ನೈದು ವರ್ಷ ಇಟ್ರೆ ಎರಡರಷ್ಟಾಗುತ್ತೆ."

"ಐದು ವರ್ಷ ನಾವೆಲ್ಲಿರೋದು? ನಿಮ್ಮ ಕ್ಯಾರಿಯರ್ ಮೇಲಾ?"

"ನಾನೇನು ನನಗೆ ಕೊಡು ಅಂದ್ನಾ? ಅಣ್ಣನ ಹೆಸರು ಉಳೀಲಿ ಅಂದೆ. ಫ್ಯಾಕ್ಟರೀಲಿ ಇವತ್ತಿಗೂ ಹೇಳ್ತಾರೆ, ಗುಳ್ಳೆ ಒಬ್ಬನೇ ಮಾರಲಿಲ್ಲ ಅಂತ."

ಜೀವಮಾನವೆಲ್ಲ ಮಾರಿ ಮಾರಿ ಎಂದವಳು ನಾನೇ. ಈಗ ಬೇಡ ಎನ್ನಲು ಅವರಿಲ್ಲ, ನನಗೆ ಮಾರಲು ಕೈ ಬರುತ್ತಿಲ್ಲ. ಇಪ್ಪತ್ತು ದಿನ ಯೋಚಿಸಿದೆ. ಕೊನೆಗೆ ಕಾಗದವಾದರೂ ನನ್ನ ಹೆಸರಿಗೆ ಆಗಲಿ, ಆಮೇಲೆ ನೋಡೋಣ ಎಂದು ಹೊರಟೆ.

ಶೇರಿನ ಆಫೀಸು ಇರುವುದು ಬೇರೆ ಊರಿನಲ್ಲಿ. ಎರಡು ಬಸ್ಸು ಬದಲಾಯಿಸಬೇಕು. ಕೌಂಟರಿನಲ್ಲಿ ಮಗಳ ವಯಸ್ಸಿನ ಹೆಂಗಸು ಇದ್ದಳು. ಕಾಗದ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಕಾಗದ ನೋಡಿದಳು.

"ಇದು ಸಹಿ ಅಲ್ಲಮ್ಮ. ನಂಬರು."

"ಅವರ ಸಹಿ ಅದೇ."

"ಸುತ್ತ ಸೊನ್ನೆ ಬೇರೆ ಹಾಕಿದಾರೆ."

"ಸೊನ್ನೆ ಇಲ್ದಿದ್ರೆ ನಲ್ಲಿ ಪಾಸಾಗಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದು ಕಡತ ತಂದಳು. "ಇದನ್ನ ಮುಂಚೆನೇ ಹೇಳಿದೀವಲ್ಲಮ್ಮ. ನಿಮ್ಮ ಯಜಮಾನ್ರು ಬಂದಿದ್ರಲ್ಲ, ಆರು ವರ್ಷ ಆಯ್ತು."

"ಇಲ್ಲಿಗಾ?"

ಕಡತ ನನ್ನ ಕಡೆ ತಿರುಗಿಸಿದಳು. ಗೆರೆ ಎಳೆದ ಹಾಳೆಯ ಮೇಲೆ ಅವರ ಅಕ್ಷರ. ನನ್ನ ಹೆಂಡತಿಯ ಬಲಗಾಲಿನ ಮಂಡಿಗೆ ಆಪರೇಷನ್ ಮಾಡಿಸಬೇಕಾಗಿರುವುದರಿಂದ ನನ್ನ ಶೇರುಗಳನ್ನು ಎಲ್ಲ ಮಾರಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ ಎಂದಿತ್ತು. ಎಲ್ಲ ಎಂಬುದರ ಕೆಳಗೆ ಗೆರೆ ಎಳೆದಿದ್ದರು. ದೊಡ್ಡ ಆಫೀಸು ಎಂದು, ಕೊನೆಯಲ್ಲಿ ತಮ್ಮ ಪೂರ್ತಿ ಹೆಸರನ್ನು ಶಾಲೆಯ ಮಕ್ಕಳ ಹಾಗೆ ಬಿಡಿಬಿಡಿಯಾಗಿ ಬರೆದು ಸಹಿ ಮಾಡಿದ್ದರು. ಅದರ ಮೇಲೆ ನೀಲಿ ಸೀಲು. ಸಹಿ ಹೊಂದುವುದಿಲ್ಲ.

"ಫ್ಯಾಕ್ಟರಿಯಿಂದ ಒಂದು ದೃಢೀಕರಣ ಪತ್ರ ತನ್ನಿ, ಮಾಡ್ಕೊಡ್ತೀವಿ ಅಂತ ಹೇಳಿದ್ದೆವು. ಅವರು ಮತ್ತೆ ಬರಲೇ ಇಲ್ಲ."

ಯಾಕೆ ಬರಲಿಲ್ಲ ಎಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಪತ್ರ ತರಬೇಕೆಂದರೆ ಫ್ಯಾಕ್ಟರಿಗೆ ಹೋಗಿ ಶೇರು ಮಾರುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಸಂಜೆಯೊಳಗೆ ಗೇಟಿನಲ್ಲಿ ಎಲ್ಲರೂ, ಗುಳ್ಳೆಯೂ ಮಾರಿದನಂತೆ ಅನ್ನುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಹೆಂಡತಿಯ ಬಾಯಲ್ಲಿ ಜಿಪುಣ ಅನ್ನಿಸಿಕೊಳ್ಳುವುದು ಅವರಿಗೆ ಸುಲಭವಾಯಿತು. ನನಗೋಸ್ಕರ ಎರಡು ಬಸ್ಸು ಹತ್ತಿ ಬಂದರು. ಫ್ಯಾಕ್ಟರಿಯ ಗೇಟಿನ ತನಕ ಒಂದು ಫರ್ಲಾಂಗ್ ಹೋಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ. ಸಿಟ್ಟಿಗೋ ಮತ್ತೊಂದಕ್ಕೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಹೆಂಗಸು ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮರುದಿನ ನಾನೇ ಫ್ಯಾಕ್ಟರಿಗೆ ಹೋದೆ. ಗೇಟಿನವನು ಯಾಕೆ ಬಂದಿರಿ ಅಂದ. "ಗುಳ್ಳೆಯವರ ಹೆಂಡತಿ. ಶೇರು ಮಾರ್ಬೇಕು, ಪತ್ರ ಬೇಕು" ಅಂದೆ, ಸುತ್ತ ಇದ್ದವರಿಗೆಲ್ಲ ಕೇಳಲಿ ಎಂದು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಕುರ್ಚಿ ತಂದುಕೊಟ್ಟರು. ಅಷ್ಟೇ ಇತ್ತು ಆ ಗೇಟಿನಲ್ಲಿ.

ಆಫೀಸಿನವರು ಹಳೆಯ ಪರೀಕ್ಷೆಯ ಪುಸ್ತಕ ಹುಡುಕಿ ತೆಗೆದರು. ಹಾಳೆಯ ಮೇಲೆ ಹಾಳೆ ಬರೀ ಹದಿನೇಳು, ಸೊನ್ನೆ. ಜೊತೆಗೆ ಅವರನ್ನು ಬಲ್ಲವರೊಬ್ಬರು ನೋಟರಿಯ ಮುಂದೆ ಪ್ರಮಾಣ ಮಾಡಬೇಕು ಅಂದರು. ಪರೀಕ್ಷೆಯ ಕೋಣೆಯ ಹಳೆಯ ಮೇಸ್ತ್ರಿ ಇನ್ನೂ ಇದ್ದಾರೆ, ಎಂಬತ್ತು ದಾಟಿದವರು. ಕೋಲು ಊರಿಕೊಂಡು ನನ್ನ ಜೊತೆ ಬಂದರು. ಆತ ಕುಂಟುವುದಕ್ಕೂ ನಾನು ಕುಂಟುವುದಕ್ಕೂ ಸರಿಹೋಯಿತು.

ನೋಟರಿ ಕೇಳಿದರು, "ಹದಿನೇಳು ಅಂದ್ರೆ ಇವರ ಯಜಮಾನ್ರೇ ಅಂತ ಹೇಗೆ ಹೇಳ್ತೀರಿ? ಹದಿನಾರನೆಯವರು ಬರೆದಿರಬಹುದಲ್ಲ?"

"ಹದಿನಾರು ಎಡಗೈಯವನು. ಅವನ ಸೊನ್ನೆ ಬಾಯಿ ಬಿಟ್ಕೊಂಡಿರ್ತಿತ್ತು. ಸತ್ತು ಹತ್ತು ವರ್ಷ ಆಯ್ತು."

"ಹದಿನೆಂಟು?"

"ಹದಿನೆಂಟು ನಾನೇ. ಬೇಗ ಬರ್ಕೊಡಿ ಸ್ವಾಮಿ, ನಾನೂ ತುಂಬ ದಿನ ಇರಲ್ಲ."

ಎಲ್ಲ ಸೇರಿ ಐದು ತಿಂಗಳು ಹಿಡಿಯಿತು. ಮನೆ ಮಾರುವವರು ಕಾದರು, ಅವರ ಪುಣ್ಯ. ಮಗಳು ತನ್ನ ಒಪ್ಪಿಗೆಯ ಸಹಿ ಹಾಕಿದಳು. ಅಪ್ಪನ ಪತ್ರದ ನಕಲನ್ನು ಅವಳಿಗೆ ಓದಲು ಕೊಟ್ಟೆ. ನಿಂತುಕೊಂಡೇ ಓದಿದಳು. "ನಿನ್ನ ಮಂಡಿಗಾದ್ರೂ ಹೋದ್ರಲ್ಲ" ಎಂದು ಮಡಚಿ ಕೊಟ್ಟು ಕೆಲಸಕ್ಕೆ ಹೋದಳು.

ಶೇರು ನನ್ನ ಹೆಸರಿಗೆ ಬಂದ ವಾರ ಬ್ರೋಕರ್ ಆಫೀಸಿಗೆ ಹೋದೆ. ಅಲ್ಲಿದ್ದವನು ಒಳ್ಳೆಯವನೇ. ಕಂಪ್ಯೂಟರಿನಲ್ಲಿ ಬೆಟ್ಟ ಹತ್ತುವ ಹಾಗಿದ್ದ ಗೆರೆ ತೋರಿಸಿದ.

"ನೋಡಿ ಅಮ್ಮಾ, ಎಲ್ಲಿಂದ ಎಲ್ಲಿಗೆ ಬಂದಿದೆ. ಅರ್ಧ ಆದ್ರೂ ಇಟ್ಕೊಳ್ಳಿ. ದೀರ್ಘಾವಧಿಗೆ ಇಂಥ ಶೇರು ಸಿಗಲ್ಲ."

"ನನಗೆ ಅರವತ್ಮೂರು. ದೀರ್ಘಾವಧಿ ಅಂದ್ರೆ ಎಷ್ಟು?"

ಅವನು ಗೆರೆ ನೋಡುತ್ತಾ ಕೂತ. ಆ ಗೆರೆಯಲ್ಲಿ ಒಂದು ಕಡೆ ಸಣ್ಣ ತಗ್ಗು ಇತ್ತು, ಅದು ನಾವು ಎಂಟು ತಿಂಗಳು ಅರೆಹೊಟ್ಟೆಯಲ್ಲಿ ಇದ್ದದ್ದು. ಅದರ ಮುಂದೆ ಮೇಲಕ್ಕೆ ಎದ್ದ ಜಾಗದಲ್ಲಿ ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ಅವನಿಗೆ ಅದು ಕಾಣುವುದಿಲ್ಲ. ಅವನ ತಪ್ಪಲ್ಲ.

"ಎಲ್ಲ ಮಾರಿ" ಅಂದೆ.

ಎರಡು ಕೋಣೆಯ ಮನೆ ನಮ್ಮದಾಯಿತು. ಮಿಕ್ಕ ಹಣವನ್ನು ಮಗಳ ಹೆಸರಿಗೆ ಹಾಕಿದೆ. ಏನು ಮಾಡುತ್ತೀ ಎಂದು ಕೇಳಿದರೆ, "ಇರಲಿ ಬಿಡಮ್ಮ" ಅನ್ನುತ್ತಾಳೆ. ಈಗಲೂ ಚಪ್ಪಲಿ ಅಂಗಡಿಗೇ ಹೋಗುತ್ತಾಳೆ. ಆಪರೇಷನ್ನಿಗೆ ಈಗ ತಡವಾಯಿತು, ಎಡಗಾಲಿನದೂ ಸವೆದಿದೆ, ಎರಡನ್ನೂ ಮಾಡಿಸಬೇಕು ಅಂದರು ಡಾಕ್ಟರು. ನಾನು ಇನ್ನೂ ಮನಸ್ಸು ಮಾಡಿಲ್ಲ.

ಮೈದುನ ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಹೋದ ವಾರ ಮಧ್ಯಾಹ್ನ ಬಂದ. ಪತ್ರದ ವಿಷಯ ಅವನಿಗೂ ಗೊತ್ತಾಗಿತ್ತು, ಅದರ ಮಾತು ಎತ್ತಲಿಲ್ಲ. ಹೊಸ ಮನೆಯ ಗೋಡೆ ಮುಟ್ಟಿ ನೋಡಿ ಕೂತ.

"ನೀವು ಮಾರಿದ ಮೇಲೆ ಇನ್ನೂ ಕಾಲುಭಾಗ ಏರಿದೆ ಅತ್ತಿಗೆ."

"ಏರ್ಲಿ."

"ಬೇಜಾರಿಲ್ವಾ?"

"ಇದೆ. ನಿಮ್ಮಣ್ಣನ ಮೇಲಿದೆ, ನನ್ನ ಮೇಲಿದೆ, ಆ ಶೇರಿನ ಮೇಲೂ ಇದೆ. ಆದ್ರೆ ಇಲ್ಲಿಂದ ಯಾರೂ ಖಾಲಿ ಮಾಡಿ ಅನ್ನಲ್ಲ. ನಿಧಾನಕ್ಕೆ ಒಂದೊಂದಾಗಿ ಬೇಜಾರ್ ಮಾಡ್ಕೋತೀನಿ."

ಅವನು ನಕ್ಕ. ನನಗೂ ಸ್ವಲ್ಪ ನಗು ಬಂತು. ಅವನು ಹೋದ ಮೇಲೆ ಚಿಲಕ ಹಾಕಿ ಮಲಗಿದೆ. ಮಗಳು ಕೆಲಸದಿಂದ ಬಂದು ಬಾಗಿಲು ತಟ್ಟುವ ತನಕ ಎಚ್ಚರವಾಗಲಿಲ್ಲ.